ಪದುಮಲೆ ದಿಬ್ಬ

ನಮ್ಮ ಕಂಚಿಬೈಲಿನ ಹಾಳುಕೋಟೆಯ ಪಡುವಣಕ್ಕೆ, ತಂಗಡಿ ಗಿಡಗಳ ನಡುವೆ, ಕರಿಬಂಡೆಯ ಸಣ್ಣ ದಿಬ್ಬವೊಂದಿದೆ. ಕುರಿಗಾಹಿಗಳು ಈಗಲೂ ಮಧ್ಯಾಹ್ನದ ಬುತ್ತಿ ಬಿಚ್ಚುವುದು ಅಲ್ಲಿಯೇ. ಅದನ್ನು ಪದುಮಲೆ ದಿಬ್ಬ ಎನ್ನುತ್ತಾರೆ. ಇಂದು ಯಾರೂ ಮಕ್ಕಳಿಗೆ ಇಡದ ಆ ಚೆಲುವಾದ ಹೆಸರು ಕಲ್ಲುದಿಬ್ಬಕ್ಕೆ ಬಂದ ಬಗೆಯನ್ನು ನನ್ನ ಅಜ್ಜಿ ಹೇಳುತ್ತಿದ್ದಳು.

ಹಿಂದೆ ಒಮ್ಮೆ, ಕೋಟೆಯಲ್ಲಿ ನಾಯಕರ ಆಳ್ವಿಕೆಯಿದ್ದಾಗ, ಈ ದಿಬ್ಬದ ಬುಡದಲ್ಲಿ ಬೀರವ್ವನೆಂಬ ಒಂಟಿ ಹೆಂಗಸು ಕುರಿ ಕಾಯುತ್ತಿದ್ದಳಂತೆ. ತಾಯಿ ತೋಳದ ಬಾಯಿಗೆ ಬಿದ್ದು ತಬ್ಬಲಿಯಾಗಿದ್ದ ಹೆಣ್ಣು ನಾಯಿಮರಿಯೊಂದನ್ನು ಅವಳು ಕಂಬಳಿಯಲ್ಲಿ ಸುತ್ತಿ ತಂದು, ಕುರಿಯ ಹಾಲೂಡಿ ಬದುಕಿಸಿದಳು. ಹಟ್ಟಿಯವರು, "ಕೆಂಚಿ ಅನ್ನು, ಸಾಕು" ಎಂದರು. ಬೀರವ್ವನ ಮನಸ್ಸು ಒಪ್ಪಲಿಲ್ಲ. "ಸಾವನ್ನೇ ಗೆದ್ದು ಬಂದವಳಿಗೆ ಬರೀ ಮೈಬಣ್ಣ ನೋಡಿ ಹೆಸರಿಡಲೇನು?" ಎಂದು, ಹಿರಿಯರು ಬೀಸುವಾಗ ಹಾಡುವ ಪದಗಳಲ್ಲಿ ಕೇಳಿದ್ದ ಹಳೆಯ ಹೆಸರುಗಳನ್ನು ಒಂದೊಂದಾಗಿ ಕರೆದು ನೋಡಿದಳು. "ಪದುಮಲೆ" ಎಂದಾಗ ಮರಿ ಕಿವಿ ನಿಮಿರಿಸಿತು. ಅದು ಬೆಳೆದ ಮೇಲೆ, ದಿನವೂ ಸಂಜೆ ಅವಳು ದಿಬ್ಬವೇರಿ "ಪದುಮಲೇ, ಬಾರವ್ವಾ" ಎಂದು ಕೂಗಿದರೆ ಸಾಕು, ಮಂದೆಯನ್ನೆಲ್ಲ ಒಟ್ಟುಗೂಡಿಸಿಕೊಂಡು ಬರುತ್ತಿತ್ತು.

ಆ ಕೂಗು ಕೋಟೆಗೂ ಮುಟ್ಟಿತು. ನಾಯಕನ ತಾಯಿಯ ಹೆಸರೂ ಪದುಮಲೆಯೇ ಆಗಿತ್ತು. ಬೀರವ್ವನನ್ನು ಹಿಡಿದು ತರಿಸಿದ ನಾಯಕ, "ನನ್ನ ತಾಯಿಯ ಹೆಸರು ನಾಯಿಗೋ? ಬದಲಿಸು, ಇಲ್ಲವಾದರೆ ಸೀಮೆ ಬಿಟ್ಟು ನಡೆ" ಎಂದು ಗುಡುಗಿದ.

ಬೀರವ್ವ ಕೈಮುಗಿದು, "ಅವ್ವನವರ ಹೆಸರೆಂದು ತಿಳಿದಿರಲಿಲ್ಲ, ಒಡೆಯಾ. ಆದರೆ ಬೇರೆ ಹೆಸರಿಗೆ ಅದು ತಿರುಗಿಯೂ ನೋಡದು. ನಾವಿಬ್ಬರೂ ಹೊರಟುಬಿಡುತ್ತೇವೆ" ಎಂದಳು.

ಆಗ ಒಳಗಿನಿಂದ ಮುದುಕಿ ತಾನೇ ಹೊರಬಂದಳಂತೆ. "ಅವಳನ್ನು ಕಳಿಸಬೇಡ, ಮಗಾ. ಈ ಕೋಟೆಗೆ ಸೊಸೆಯಾಗಿ ಬಂದ ಮೇಲೆ ನನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ. ಅವಳ ಕೂಗು ಕೇಳಿದರೆ ತವರಿನ ಅಂಗಳದಲ್ಲಿ ನನ್ನವ್ವ ಕರೆದ ಹಾಗಾಗುತ್ತದೆ. ಎಷ್ಟೋ ಸಲ 'ಬಂದೆ' ಅಂದುಬಿಟ್ಟಿದ್ದೇನೆ" ಎಂದಳು. ನಾಯಕ ತಲೆ ತಗ್ಗಿಸಿದ. ಆಮೇಲೆ ಸಂಜೆಯ ಹೊತ್ತು ಮುದುಕಿ ಮೇನೆಯೇರಿ ದಿಬ್ಬಕ್ಕೆ ಬರುವುದು, ಬೀರವ್ವನ ಪಕ್ಕದಲ್ಲಿ ಬಂಡೆಯ ಮೇಲೆ ಕೂರುವುದು ರೂಢಿಯಾಯಿತು. ಕೂಗಿಗೆ ನಾಯಿ ದೂಳೆಬ್ಬಿಸಿಕೊಂಡು ಓಡಿ ಬಂದಾಗ, ಮುದುಕಿ ಚಿಕ್ಕ ಹುಡುಗಿಯಂತೆ ನಗುತ್ತಿದ್ದಳು ಎನ್ನುತ್ತಾರೆ.

ದಿಬ್ಬದ ನೆತ್ತಿಯಲ್ಲಿ ಮೊಣಕಾಲೆತ್ತರದ ಕಲ್ಲೊಂದಿದೆ. ಬೀರವ್ವ ನೆಡಿಸಿದ್ದೆಂದು ಕೆಲವರು, ನಾಯಕನೇ ನೆಡಿಸಿದ್ದೆಂದು ಕೆಲವರು. ಅದರಲ್ಲಿ ಸೆರಗು ಹೊದ್ದ ಒಬ್ಬ ಮುದುಕಿ, ಅವಳ ಕಾಲ ಬಳಿ ಕುಳಿತ ಒಂದು ನಾಯಿ. ಕೆಳಗೆ ಕೊರೆದಿರುವುದು ಒಂದೇ ಹೆಸರು.