ಹುಣ್ಣಿಮೆಗೆ ಮುಂಚಿನ ಸ್ನಾನ

ಒಂದು ಬೇಸಗೆಯಲ್ಲಿ ತೃಪ್ತಾನಂದ ಗುರುಗಳು ಆಶ್ರಮಕ್ಕೆ ಬೀಗ ಹಾಕಿ, ಶಿಷ್ಯ ಮಧುಕೇಶನನ್ನು ಕರೆದುಕೊಂಡು ದ್ವೀಪವೊಂದಕ್ಕೆ ಹೊರಟರು. ಭಕ್ತನೊಬ್ಬ ಅಲ್ಲಿ ತೆಂಗಿನ ಮರಗಳ ನಡುವೆ ಅವರಿಗೆಂದು ಗುಡಿಸಲು ಕಟ್ಟಿಸಿದ್ದ.

“ವಾಪಸು ಯಾವಾಗ, ಗುರುಗಳೇ?”

“ಬೇಜಾರು ಬಂದಾಗ.”

“ನನ್ನ ದೀಕ್ಷೆ?”

“ದೋಣಿ ಬಂತು, ಹತ್ತು.”

ಸನ್ಯಾಸದೀಕ್ಷೆಗಾಗಿ ಮಧುಕೇಶ ವರ್ಷಗಟ್ಟಲೆ ಕಾದಿದ್ದ. ಗುರುಗಳು ಸುಮ್ಮನೆ ಕೆಮ್ಮಿದರೂ ಅದೊಂದು ಪರೀಕ್ಷೆ ಎಂದೇ ಅವನ ನಂಬಿಕೆ. ಈ ದ್ವೀಪವೂ ಪರೀಕ್ಷೆಯೇ ಇರಬೇಕು ಎಂದುಕೊಂಡ.

ಆದರೆ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವನು ಸಮುದ್ರ ನೋಡಿದ್ದು ಅದೇ ಮೊದಲು. ಅಬ್ಬಾ, ಎಂಥ ನೀಲಿ! ಎಷ್ಟೊಂದು ನೀರು! ಎದೆ ಕುಣಿಯತೊಡಗಿತು. ಓಡಿಹೋಗಿ ಬಿದ್ದುಬಿಡಬೇಕು ಅನ್ನಿಸಿತು.

ಅಷ್ಟರಲ್ಲಿ ಶಾಸ್ತ್ರ ನೆನಪಾಯಿತು. ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದ ದಿನ ಬಿಟ್ಟರೆ ಸಮುದ್ರವನ್ನು ಮುಟ್ಟುವಂತಿಲ್ಲ. ಹುಣ್ಣಿಮೆ ಇನ್ನೂ ದೂರವಿತ್ತು. ಅಲೆ ಬಂದರೆ ಕಾಲು ಹಿಂದಕ್ಕೆಳೆದುಕೊಂಡು, ಮುಖ ಬಿಗಿದುಕೊಂಡು ಮರಳಿನ ಮೇಲೆ ಜಪಕ್ಕೆ ಕೂತ.

ಗುರುಗಳಿಗೆ ಅಂಥ ತಾಪತ್ರಯವೇನೂ ಇರಲಿಲ್ಲ. ಬೆಳಿಗ್ಗೆ ನೀರಿಗಿಳಿದರೆ ಹಸಿವಾದಾಗಲೇ ಮೇಲೆ ಬರುತ್ತಿದ್ದರು. ಎಳನೀರು ಕುಡಿದು ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದರು. ಎದ್ದರೆ ಮತ್ತೆ ನೀರಿಗೆ. ದೊಡ್ಡ ಅಲೆ ಬಂದಾಗಲೆಲ್ಲ “ಹೋ!” ಎಂದು ಕೂಗು ಹಾಕುತ್ತಿದ್ದರು.

ಮಧುಕೇಶ ತಡೆಯಲಾರದೆ ಕೇಳಿದ: “ಗುರುಗಳೇ, ಇವತ್ತು ಪರ್ವ ಅಲ್ಲವಲ್ಲ?”

“ಹೌದೇ? ಸಮುದ್ರ ನನಗೇನೂ ಹೇಳಲಿಲ್ಲವಲ್ಲ!”

ಇದು ಖಂಡಿತ ಪರೀಕ್ಷೆಯೇ ಎಂದು ಅವನು ಹಲ್ಲು ಕಚ್ಚಿ ಕೂತ. ಪಾಪ, ತುಟಿ ಜಪ ಮಾಡುತ್ತಿದ್ದರೂ ಕಣ್ಣು ಅಲೆಯ ಹಿಂದೆಯೇ ಓಡುತ್ತಿತ್ತು.

ಹುಣ್ಣಿಮೆ ಇನ್ನೇನು ಬಂತು ಎನ್ನುವಾಗ ಒಂದು ಬೆಳಿಗ್ಗೆ, ಗುರುಗಳ ಹೆಗಲ ಮೇಲಿದ್ದ ಶಲ್ಯವನ್ನು ಅಲೆಯೊಂದು ಎಳೆದುಕೊಂಡು ಹೋಯಿತು.

“ಮಧುಕೇಶಾ, ನನ್ನ ಶಲ್ಯ!”

ಗುರುಸೇವೆಗೆ ಯಾವ ಶಾಸ್ತ್ರ ಅಡ್ಡ ಬಂದೀತು? ಅವನು ಎದ್ದು ಓಡಿದ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಶಲ್ಯಕ್ಕೆ ಕೈ ಚಾಚಿದನೋ ಇಲ್ಲವೋ, ಇನ್ನೊಂದು ಅಲೆ ಬಂದು ಅವನನ್ನು ಅನಾಮತ್ತಾಗಿ ಎತ್ತಿ ಮಗುಚಿ ಹಾಕಿತು.

ಬಾಯಿ ತುಂಬ ಉಪ್ಪುನೀರು. ಎದ್ದು ನಿಂತು ಕೆಮ್ಮಿದ. ಕೆಮ್ಮುತ್ತ ಕೆಮ್ಮುತ್ತಲೇ ನಗು ಬಂತು.

“ಗುರುಗಳೇ, ನೋಡಿ ನೋಡಿ, ಮತ್ತೊಂದು ಬಂತು!” ಎಂದು ಕಿರುಚಿ ಅದಕ್ಕೆ ತಾನೇ ಎದೆಗೊಟ್ಟ. ಆಮೇಲೆ ಇನ್ನೊಂದಕ್ಕೆ. ಅದರ ಹಿಂದೆ ಅದಕ್ಕಿಂತ ದೊಡ್ಡದು ಬರುತ್ತಿತ್ತು. ಹುಟ್ಟಿದಾಗಿನಿಂದ ಅವನಿಗೆ ಅಷ್ಟು ಸಂತೋಷ ಆಗಿರಲಿಲ್ಲ.

ಹೊತ್ತು ಇಳಿದ ಮೇಲೆ, ಬೆರಳೆಲ್ಲ ಸುಕ್ಕುಗಟ್ಟಿದವನು ದಡಕ್ಕೆ ಬಂದ. ಗುರುಗಳು ಮರಳಲ್ಲಿ ಕಾಲು ಚಾಚಿ ಕೂತಿದ್ದರು.

“ಎಲ್ಲಿ ಶಲ್ಯ?”

ಮಧುಕೇಶನ ಮುಖ ಇಳಿದುಹೋಯಿತು. ಕೈ ಬರಿದಾಗಿತ್ತು. ಶಲ್ಯ ಯಾವ ದೇಶ ಸೇರಿತ್ತೋ ಏನೋ. ಇಷ್ಟು ವರ್ಷ ಕಾದದ್ದೆಲ್ಲ ನೀರುಪಾಲಾಯಿತು ಎಂದು ಅವನು ಗುರುಗಳ ಕಾಲಿಗೆ ಬಿದ್ದ.

“ತಪ್ಪಾಯಿತು. ನಾನು ದೀಕ್ಷೆಗೆ ಲಾಯಕ್ಕಲ್ಲ.”

“ನೀರಲ್ಲಿದ್ದಾಗ ಪರ್ವ ನೆನಪಾಯಿತೇ?”

“ಇಲ್ಲ.”

“ನನ್ನ ಶಲ್ಯ?”

“ಇಲ್ಲ, ಗುರುಗಳೇ.”

“ದೀಕ್ಷೆ?”

ಸುಳ್ಳು ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.

“ಅದೂ ಇಲ್ಲ. ಒಂದು ಸಲವೂ ನೆನಪಾಗಲಿಲ್ಲ.”

ಗುರುಗಳು ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟರು.

“ಹಾಗಾದರೆ ಈಗ ಕೊಡಬಹುದು.”