ಬಾಲಂಗೋಚಿ

"ಸಾರ್, ಎಲ್ಲದಕ್ಕೂ ಬೇಡ ಬೇಡ ಅನ್ನೋನನ್ನ ಎದುರಿಗೆ ಕೂರಿಸ್ಕೊಂಡು ಆಡಳಿತ ಮಾಡೋದು ಹೇಗೆ?"

ಕೇಳಿದವಳು ಇಂಚರ. ಹತ್ತನೇ ತರಗತಿಯ ಹುಡುಗಿ, ಆ ವರ್ಷ ಶಾಲಾ ಸಂಸತ್ತಿನ ಪ್ರಧಾನಿ. ಕೇಳಿಸಿಕೊಂಡವರು ಗಣಿತದ ರುದ್ರಮುನಿ ಮೇಷ್ಟ್ರು. ಸಂಸತ್ತಿನ ಉಸ್ತುವಾರಿ ಅವರದೇ. ಶನಿವಾರ ಬೆಳಗಿನ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಮೇಷ್ಟ್ರು ಸಭಾಂಗಣದ ಮೆಟ್ಟಿಲ ಮೇಲೆ ಕುಳಿತು, ಹಳೆಯ ಪಂಚೆಯ ಚೂರೊಂದನ್ನು ಗಾಳಿಪಟದ ಬುಡಕ್ಕೆ ಕಟ್ಟುತ್ತಿದ್ದರು.

ಆ ಹೈಸ್ಕೂಲಿನಲ್ಲಿ ಹುಚ್ಚಿಲ್ಲದ ಶಿಕ್ಷಕರೇ ಇರಲಿಲ್ಲ. ಹೆಡ್ ಮಾಸ್ಟರಿಗೆ ಗುಲಾಬಿ ಗಿಡದ ಹುಚ್ಚು. ವಿಜ್ಞಾನದ ಮೇಡಂಗೆ ರಂಗೋಲಿ. ಡ್ರಿಲ್ ಮಾಸ್ಟರು ಹಾರ್ಮೋನಿಯಂ ಮುಟ್ಟಿದರೆ ಪಕ್ಕದ ಬೀದಿಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ರುದ್ರಮುನಿ ಮೇಷ್ಟ್ರಿಗೆ ಪಟ. ಆಷಾಢದ ಗಾಳಿ ಎದ್ದಿತೆಂದರೆ ಅವರ ಜೇಬಿನಲ್ಲಿ ಸೀಮೆಸುಣ್ಣದ ಜೊತೆ ದಾರದ ಉಂಡೆಯೂ ಇರುತ್ತಿತ್ತು. ಬೆನ್ನ ಹಿಂದೆ ನಗುವವರೂ ಮಕ್ಕಳ ತಕರಾರು ಬಂದಾಗ ಅವರ ಬಳಿಗೇ ಕಳಿಸುತ್ತಿದ್ದರು.

ಇಂಚರಳ ಮುಷ್ಟಿಯಲ್ಲಿ ಶಾಲೆಯ ಗೇಟಿನ ಬೀಗದ ಕೈ ಇತ್ತು. ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಬಂದವರು ಮೊದಲ ಪೀರಿಯಡ್ ಮುಗಿಯುವ ತನಕ ಹೊರಗೇ ನಿಲ್ಲಬೇಕು ಎಂದು ಅವಳ ಮಂತ್ರಿಮಂಡಲ ನಿಯಮ ಮಾಡಿತ್ತು. ಶಿಸ್ತೆಂದರೆ ಹೀಗಿರಬೇಕು ಎಂದು ಹೆಡ್ ಮಾಸ್ಟರು ಬೆನ್ನು ತಟ್ಟಿ ಬೀಗದ ಕೈಯನ್ನು ಅವಳಿಗೇ ಒಪ್ಪಿಸಿದ್ದರು. ನಿಯಮ ಜಾರಿಗೆ ಬಂದದ್ದು ಈ ಶನಿವಾರದಿಂದ. ಹಿಂದಿನ ಸಭೆಯಲ್ಲಿ ಅದನ್ನು ಒಪ್ಪದೆ ಎದ್ದು ನಿಂತವನು ವಿರೋಧ ಪಕ್ಷದ ನಾಯಕ ತಿಪ್ಪೇಶ ಒಬ್ಬನೇ. ಹಟ್ಟಿಗಳ ಮಕ್ಕಳಿಗೆ ಇರುವುದು ಒಂದು ಬಸ್ಸು, ಅದು ಹೊತ್ತಿಗೆ ಸರಿಯಾಗಿ ಬಂದದ್ದೇ ಇಲ್ಲ, ಖಾಲಿ ಹೊಟ್ಟೆಯಲ್ಲಿ ಹೊರಟು ಬರುವವರಿಗೆ ಶಾಲೆಯಲ್ಲಿ ಕೊಡುವ ಬೆಳಗಿನ ಹಾಲೂ ತಪ್ಪುತ್ತದೆ, ಎಂದಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮೇಜು ಕುಟ್ಟುತ್ತಿದ್ದ ಮಂತ್ರಿಗಳ ಕಡೆ ಕೈ ತೋರಿಸಿ, "ಇವರೆಲ್ಲ ನಿನ್ನ ಬಾಲಂಗೋಚಿಗಳು" ಎಂದುಬಿಟ್ಟಿದ್ದ. ಸಭೆಗೆ ಸಭೆಯೇ ನಕ್ಕಿತ್ತು. ಬಸ್ಸಿನ ಮಾತನ್ನು ಇಂಚರ ಅಂದೇ ಮರೆತಳು. ನಗು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

"ಈಗ ಸಭೆ ಇದೆ ಸಾರ್. ಅವನನ್ನ ನಾಯಕನ ಜಾಗದಿಂದ ತೆಗೀಬೇಕು ಅಂತ ನಮ್ಮೋರೆಲ್ಲ ಕೈ ಎತ್ತೋಕೆ ತಯಾರಾಗಿದಾರೆ. ನೀವು ಹೂಂ ಅಂದ್ರೆ ಸಾಕು."

ಒಳಗೆ ಬೆಂಚು ಎಳೆಯುವ ಸದ್ದು ಕೇಳುತ್ತಿತ್ತು. ತಿಪ್ಪೇಶ ಆಗಲೇ ತನ್ನ ಜಾಗದಲ್ಲಿ ಕುಳಿತಿದ್ದ. ಏನು ಕಾದಿದೆ ಎಂದು ಅವನ ಕಿವಿಗೂ ಬಿದ್ದಿತ್ತು. ತೆರೆದ ಬಾಗಿಲಿನಿಂದ ಅವನ ಸೆಟೆದುಕೊಂಡ ಬೆನ್ನು ಕಾಣುತ್ತಿತ್ತು. ಇಂಚರ ಆ ಕಡೆ ನೋಡಲಿಲ್ಲ. ನೋಡಿದರೆ ಮನಸ್ಸು ಮೆತ್ತಗಾದೀತು ಎಂಬ ಭಯ ಅವಳಿಗಿತ್ತು.

ಮೇಷ್ಟ್ರು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. "ಕೂತ್ಕೊಳಮ್ಮ, ಒಂದು ಕತೆ ಹೇಳ್ತೀನಿ" ಎಂದರು. ಸಭೆಗೆ ಹೊತ್ತಾಗುತ್ತಿತ್ತು. ಅವಳಿಗೆ ಒಳಗೊಳಗೇ ಚಡಪಡಿಕೆ. ಆದರೂ ಮೆಟ್ಟಿಲ ತುದಿಯಲ್ಲಿ ಕುಳಿತಳು. ಮೇಷ್ಟ್ರು ಕತೆ ಹೇಳಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇದ್ದರು. ಅಣ್ಣ ಊರಿಗೆ ಯಜಮಾನ. ತಮ್ಮನಿಗೆ ಪಟ ಹಾರಿಸುವುದೊಂದು ಬಿಟ್ಟು ಬೇರೇನೂ ಬೇಡ. ಅನ್ನಕ್ಕೆ ದಂಡ ಎಂದು ಅಣ್ಣ ಬೈಯುತ್ತಿದ್ದ. ತಮ್ಮ ಬೈಸಿಕೊಂಡೇ ಉಣ್ಣುತ್ತಿದ್ದ.

ಒಂದು ದಿನ ಹೊಳೆ ಇದ್ದಕ್ಕಿದ್ದಂತೆ ಏರಿತು. ನಡುಹೊಳೆಯ ಬಂಡೆಗೆ ಬಟ್ಟೆ ಒಗೆಯಲು ಹೋಗಿದ್ದ ಹೆಂಗಸರು ಮಕ್ಕಳು ಅಲ್ಲೇ ಸಿಕ್ಕಿಬಿದ್ದರು. ಹರಿಗೋಲು ಇಳಿಸಿದರೆ ಸುಳಿ ನುಂಗುತ್ತದೆ. ಈಜು ಬಲ್ಲವರು ನೀರು ನೋಡಿ ಹಿಂದೆ ಸರಿದರು. ಆಗ ತಮ್ಮ ಮುಂದೆ ಬಂದು ಹೇಳಿದ. ಪಟ ಬಂಡೆಯನ್ನು ದಾಟಿ ಆಚೆ ಇಳಿದರೆ ದಾರ ಅವರ ಕೈಗೆ ಸಿಗುತ್ತದೆ. ದಾರಕ್ಕೆ ಹುರಿ ಕಟ್ಟೋಣ, ಹುರಿಗೆ ಹಗ್ಗ ಕಟ್ಟೋಣ. ಹಗ್ಗ ಹಿಡಿದು ಅವರು ಬರಲಿ.

ಅಂದು ಯಾರೂ ನಗಲಿಲ್ಲ. ತಮ್ಮ ಪಟ ಕಟ್ಟಿದ. ಉಟ್ಟ ಪಂಚೆಯ ಅಂಚನ್ನೇ ಹರಿದು ಉದ್ದನೆಯ ಬಾಲಂಗೋಚಿ ಕಟ್ಟಿದ. ಪಟ ಎದ್ದಿತು. ಆದರೆ ಗಾಳಿ ಸಾಲದು. ಅರ್ಧ ಹೊಳೆಯ ಮೇಲೆ ಹೋಗಿ ಅಲ್ಲೇ ತೂಗುತ್ತ ನಿಂತಿತು. ಬಂಡೆಯ ಮೇಲಿದ್ದವರ ಮೊಣಕಾಲಿಗೆ ನೀರು ಬಂತು. ಆ ಚಿಂದಿಯೇ ಹಿಂದಕ್ಕೆ ಜಗ್ಗುತ್ತಿದೆ, ಕತ್ತರಿಸಿ ಎಂದು ದಡದಲ್ಲಿದ್ದವರು ಕೂಗಿದರು. ತುಸು ತಾಳಿ, ಗಾಳಿ ಬರುತ್ತದೆ ಎಂದ ತಮ್ಮ. ಯಜಮಾನನಿಗೆ ತಾಳ್ಮೆ ಎಲ್ಲಿಂದ ಬರಬೇಕು. ಪಟವನ್ನು ಇಳಿಸಿದ, ಕುಡುಗೋಲಿನಿಂದ ಬಾಲಂಗೋಚಿಯನ್ನು ಕತ್ತರಿಸಿದ, ಮತ್ತೆ ಏರಿಸಲು ದಾರವನ್ನು ತಾನೇ ಹಿಡಿದ.

ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮೇಷ್ಟ್ರು ಮಾತು ನಿಲ್ಲಿಸಿದರು. ಓಡಿ ಬರುವ ಕಾಲ್ಸದ್ದು ಗೇಟಿನ ತನಕ ಬಂದು ನಿಂತಿತು. ಯಾರೋ ಗೇಟನ್ನು ಒಮ್ಮೆ ಅಲ್ಲಾಡಿಸಿದರು, ಬೀಗ ಕಂಡು ಕೈ ಬಿಟ್ಟರು. ಜಗಲಿಯಲ್ಲಿ ಹಾಲು ಕುಡಿದ ಲೋಟಗಳನ್ನು ತೊಳೆದು ಬುಟ್ಟಿಗೆ ಹಾಕುವ ಸದ್ದು ಶುರುವಾಗಿತ್ತು. ಇಂಚರ ಬೀಗದ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮೊದಲ ದಿನವೇ ಸಡಿಲ ಬಿಟ್ಟರೆ ನಾಳೆ ಯಾರು ಕೇಳುತ್ತಾರೆ.

ಸಭಾಂಗಣದ ಬಾಗಿಲಿನಿಂದ ಅವಳ ಶಿಕ್ಷಣ ಮಂತ್ರಿ ಇಣುಕಿದಳು. "ಬಾರೇ ಇಂಚರ, ಎಲ್ಲಾರೂ ಕಾಯ್ತಿದಾರೆ."

"ಆಮೇಲೆ ಏನಾಯ್ತು ಸಾರ್?" ಇಂಚರ ಅವಸರಪಡಿಸಿದಳು. ಮೇಷ್ಟ್ರು ಮುಂದುವರಿಸಿದರು.

ಪಟ ಸರ್ರನೆ ಏರಿತು. ದಡದಲ್ಲೆಲ್ಲ ಚಪ್ಪಾಳೆ. ಯಜಮಾನ ತಮ್ಮನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ. ಪಟ ಬಂಡೆಯ ನೆತ್ತಿಗೆ ಬಂತು. ಅಲ್ಲಿದ್ದವರು ಕೈ ಚಾಚಿದರು. ಆಗ ಗಾಳಿ ಬಂತು. ತಮ್ಮ ಹೇಳಿದ್ದ ಗಾಳಿಯೇ. ಪಟ ಗಿರಗಿರನೆ ಸುತ್ತಿ, ಗೋತಾ ಹೊಡೆದು, ಹೊಳೆಗೆ ಬಿತ್ತು. ದಾರ ಕಿತ್ತುಹೋಯಿತು.

ಯಜಮಾನ ತಮ್ಮನ ಮೇಲೆ ಹರಿಹಾಯ್ದ. "ಹೀಗಾಗುತ್ತದೆ ಅಂತ ಗೊತ್ತಿದ್ದೂ ನನ್ನನ್ನು ಯಾಕೆ ತಡೆಯಲಿಲ್ಲ?"

"ತಡೆಯೋದಕ್ಕೇ ಕಟ್ಟಿದ್ದೆ ಅಣ್ಣ, ಅದನ್ನೇ ನೀನು ಕತ್ತರಿಸಿದೆ" ಎಂದ ತಮ್ಮ.

ಮೇಷ್ಟ್ರು ಕತೆಯನ್ನು ಅಲ್ಲಿಗೆ ಬಿಟ್ಟು, ಕಟ್ಟಿದ ಗಂಟನ್ನು ಎಳೆದು ನೋಡಿದರು.

ಇಂಚರ ಚುರುಕು ಹುಡುಗಿ. ಅವಳ ಮುಖ ಮೊದಲು ಕೆಂಪಾಯಿತು. ಮುಳ್ಳು ಕಿತ್ತಂತೆ ಎದೆ ಹಗುರವೂ ಆಯಿತು. ಅಷ್ಟು ಬೇಗ ಕತೆಯ ಒಳಗುಟ್ಟು ಹಿಡಿದೆ ಎಂಬ ಹೆಮ್ಮೆ ಕೂಡ ಬಂತು.

"ಅರ್ಥ ಆಯ್ತು ಸಾರ್. ತಿಪ್ಪೇಶ ಆ ಮಾತನ್ನ ತಪ್ಪಾಗಿ ಅಂದ. ನಮ್ಮೋರು ದಡದಲ್ಲಿ ಚಪ್ಪಾಳೆ ತಟ್ಟೋರು. ಬಾಲಂಗೋಚಿ ಅವನೇ. ಹಿಂದಕ್ಕೆ ಜಗ್ಗೋನು ಒಬ್ಬ ಇಲ್ದಿದ್ರೆ ಪಟ ನೆಟ್ಟಗೆ ನಿಲ್ಲಲ್ಲ. ಅವನನ್ನ ತೆಗೆಯಲ್ಲ ಸಾರ್. ಅವನ ಪಾಡಿಗೆ ಅವನು ಬೇಡ ಅಂತಿರ್ಲಿ, ನಾವು ನಮ್ಮ ನಿಯಮ ನಡೆಸ್ಕೊಂಡು ಹೋಗ್ತೀವಿ."

ಅವಳು ಎದ್ದು ಲಂಗದ ಧೂಳು ಕೊಡವಿಕೊಂಡಳು. ಸಭೆಯಲ್ಲಿ ಏನು ಹೇಳಬೇಕೆಂದು ಆಗಲೇ ಮನಸ್ಸಿನಲ್ಲಿ ಮಾತು ಕೂಡಿಸುತ್ತಿದ್ದಳು. ಎಲ್ಲರೆದುರು ತಿಪ್ಪೇಶನನ್ನು ಉಳಿಸಿಕೊಂಡರೆ ಅವನೇ ತಲೆ ತಗ್ಗಿಸುತ್ತಾನೆ. ಬೀಗದ ಕೈಯ ಉಂಗುರವನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಮೆಟ್ಟಿಲು ಹತ್ತಿದಳು.

ಮೇಷ್ಟ್ರು ಅವಳ ಕಡೆ ನೋಡುತ್ತಿರಲಿಲ್ಲ. ಅವರ ಕಣ್ಣು ಗೇಟಿನ ಮೇಲಿತ್ತು. ಅಲ್ಲಿ ಸರಳುಗಳ ಆಚೆ ಮಕ್ಕಳು ಬ್ಯಾಗು ಹೊತ್ತುಕೊಂಡೇ ನಿಂತಿದ್ದರು. ಚಿಕ್ಕ ಹುಡುಗಿಯೊಬ್ಬಳು ಸರಳು ಹಿಡಿದು, ಜಗಲಿಯಿಂದ ಹಾಲಿನ ಪಾತ್ರೆ ಒಳಗೆ ಹೋಗುವುದನ್ನೇ ನೋಡುತ್ತಿದ್ದಳು.

"ಇಂಚರ" ಎಂದು ಮೇಷ್ಟ್ರು ಕರೆದರು. ಅವಳು ತಿರುಗಿದಳು.

"ಬಂಡೆ ಮೇಲಿದ್ದೋರು ಏನಾದ್ರು ಅಂತ ನೀನು ಕೇಳಲೇ ಇಲ್ವಲ್ಲಮ್ಮ."