ಒಂದಂಕಿ ಉಜ್ಜಿದ ಹಾರ್ನ್

ಮಕ್ಕಳೇ, ಈ ಕಥೆಯ ಒಂದೊಂದು ಮಾತೂ ನಿಜ. ನಂಬದವರು ಬಂದು ನನ್ನ ಮೀಸೆ ಎಳೆದು ನೋಡಿ. ಸುಳ್ಳಿದ್ದರೆ ಕಿತ್ತು ಕೈಗೆ ಬರುತ್ತದೆ.

ಕಾವಳಗಿರಿ ಎಂಬ ಬೆಟ್ಟದೂರು. ಅಲ್ಲಿನ ಬೆಳಗಿನ ಮಂಜು ಎಷ್ಟು ದಪ್ಪವೆಂದರೆ ಹೆಂಗಸರು ಒಗೆದ ಸೀರೆಗಳನ್ನು ಅದರ ಮೇಲೇ ಹರವುತ್ತಿದ್ದರು. ಆ ಮಂಜು ತಾನಾಗಿ ಏಳುತ್ತಿರಲಿಲ್ಲ. ಕೋಟೆಯ ಬುರುಜಿನ ಮೇಲೆ ನಿಂತು ಯಾರಾದರೂ ಫ್ರೆಂಚ್ ಹಾರ್ನ್ ಊದಬೇಕಿತ್ತು. ಜಿಲೇಬಿಯ ಹಾಗೆ ಸುತ್ತಿ ಸುತ್ತಿ, ಕೊನೆಗೆ ತಾವರೆ ಎಲೆಯಷ್ಟು ಅಗಲಕ್ಕೆ ಬಾಯಿ ತೆರೆಯುವ ಹಿತ್ತಾಳೆ ವಾದ್ಯ ಅದು. ಅದರ ದನಿ ಕಿವಿಗೆ ಬಿದ್ದರೆ ಮಂಜು ನಿದ್ದೆಗಣ್ಣಲ್ಲೇ ಎದ್ದು, ಹಾಸಿಗೆ ಸುತ್ತಿಕೊಂಡು, ಮೆಲ್ಲಗೆ ಕಣಿವೆಗೆ ಇಳಿದುಹೋಗುತ್ತಿತ್ತು.

ಊರಿನ ಕಟ್ಟಳೆ ಒಂದೇ. ಯಾವ ಹಾರ್ನ್ ಎಲ್ಲಕ್ಕಿಂತ ಹಳೆಯದೋ ಮೊದಲ ಊದು ಅದರದು. ಇಪ್ಪತ್ತೆರಡು ವರ್ಷದಿಂದ ಆ ಗೌರವ ಲೂರ್ದಪ್ಪನದಾಗಿತ್ತು. ಊರಲ್ಲಿ ಹಾರ್ನ್ ಇದ್ದದ್ದೇ ಅವನೊಬ್ಬನ ಹತ್ತಿರ ಅನ್ನುವುದನ್ನು ಅವನು ಯಾರಿಗೂ ನೆನಪಿಸುತ್ತಿರಲಿಲ್ಲ.

ಹೀಗಿರುವಾಗ ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ದಸ್ತಗೀರ್ ಸಾಬರು ಮಗಳ ಮನೆಗೆಂದು ಬಂದು ನೆಲೆಸಿದರು. ಅವರ ಹೆಗಲಲ್ಲೂ ಒಂದು ಹಾರ್ನ್! ಅದೂ ಲೂರ್ದಪ್ಪನದನ್ನು ಮಾಡಿದ ಕಡಲಾಚೆಯ ಕಾರ್ಖಾನೆಯದೇ. ಹಸಿರು ಬಟ್ಟೆ ಸುತ್ತಿಟ್ಟಿದ್ದರು, ಯಾರಿಗೂ ತೋರಿಸಿರಲಿಲ್ಲ.

"ಹಳೇದಾ ಸಾಬರೇ?" ಎಂದು ಲೂರ್ದಪ್ಪ ಮೆಲ್ಲಗೆ ಕೇಳಿದ.

"ಹಳೇದಾ ಅಂದ್ರೆ? ನಮ್ಮ ತಾತನಿಗಿಂತ ಇದಕ್ಕೇ ವಯಸ್ಸು ಜಾಸ್ತಿ ಅಣ್ಣಾ!" ಎಂದು ಸಾಬರು ನಕ್ಕರು.

ಹಾಗಾದರೆ ಮೊದಲ ಊದು ಯಾರದು ಎಂಬ ಮಾತೆದ್ದಿತು. ಊರಿನ ಹಿರಿಯರು, ಬರುವ ಭಾನುವಾರ ರೆಜಿನಮ್ಮನೇ ತೀರ್ಮಾನ ಹೇಳಲಿ ಎಂದರು. ಬ್ಯಾಂಡಿನ ವಾದ್ಯಗಳನ್ನು ರಿಪೇರಿ ಮಾಡುವ ಮುದುಕಿ ಆಕೆ. ಹಾರ್ನಿನ ಮೇಲೆ ಕೊರೆದ ನಂಬರು ನೋಡಿ, ಹಳೆಯ ಪಟ್ಟಿಯೊಂದನ್ನು ಬಿಚ್ಚಿ, ಅದು ಹುಟ್ಟಿದ ವರ್ಷ ಹೇಳಿಬಿಡುತ್ತಿದ್ದಳು.

ಲೂರ್ದಪ್ಪನ ಹಾರ್ನಿನ ನಂಬರು 10314. ಅವನು ಲೆಕ್ಕ ಹಾಕಿದ: ನಂಬರು ಚಿಕ್ಕದಾದಷ್ಟೂ ವಯಸ್ಸು ದೊಡ್ಡದು. ಕೊನೆಯ ಅಂಕಿ ನಾಲ್ಕು ಇಲ್ಲದಿದ್ದರೆ ಇದು 1031. ಆಗ ಸಾಬರ ತಾತನಲ್ಲ, ಮುತ್ತಾತನೂ ಇದರ ಮುಂದೆ ಕೂಸು!

ಜಗಲಿಯಲ್ಲಿ ಕೂತು ಮೂರು ಮಧ್ಯಾಹ್ನ ಸಣ್ಣ ಅರದಿಂದ ಉಜ್ಜಿದ. ಆಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿದ. ಹಿತ್ತಾಳೆಯ ಪುಡಿ ಬಿಸಿಲುಕೋಲಿನಲ್ಲಿ ಹೊನ್ನಿನ ನೊಣಗಳಂತೆ ತೇಲಿತು. ನೋಡನೋಡುತ್ತ ನಾಲ್ಕೆಂಬ ಅಂಕಿ ಹಾರ್ನಿನಿಂದ ಎದ್ದು, ಮೈಮುರಿದು, ಹೆಂಚಿನ ಸಂದಿಯಿಂದ ಆಕಾಶಕ್ಕೆ ಹೊರಟುಹೋಯಿತು.

"ಏನ್ರೀ, ಹಾರ್ನ್ ತೊಳೀತಿದ್ದೀರೋ, ಅದರ ಚರ್ಮ ಸುಲೀತಿದ್ದೀರೋ?" ಎಂದಳು ಹೆಂಡತಿ ಅನ್ನಮ್ಮ.

"ನಿನಗೆ ಗೊತ್ತಾಗಲ್ಲ, ಸುಮ್ನಿರೇ."

ಭಾನುವಾರ ಬಂತು. ಊರೆಲ್ಲ ಬುರುಜಿನ ಕೆಳಗೆ, ಮೊಣಕಾಲುದ್ದ ಮಂಜಿನಲ್ಲಿ ನಿಂತಿತು. ರೆಜಿನಮ್ಮ ಕನ್ನಡಕ ಏರಿಸಿ ಹಸಿರು ಬಟ್ಟೆ ಬಿಚ್ಚಿದಳು. ಸಾಬರದು 11052. ಲೂರ್ದಪ್ಪನ ಮುಖ ಅರಳಿತು. ಅವಳು ಅವನ ಹಾರ್ನನ್ನು ಎತ್ತಿಕೊಂಡಳು. 1031.

"ಅಯ್ಯೋ, ಇದು ಮೊನ್ನೆ ಮೊನ್ನೆ ಹುಟ್ಟಿದ್ದು!" ಎಂದಳು.

"ಅದು ಹೇಗಮ್ಮಾ? ಸಾವಿರ ಮೊದಲೋ ಹತ್ತು ಸಾವಿರ ಮೊದಲೋ?" ಲೂರ್ದಪ್ಪ ಕೂಗಿಯೇಬಿಟ್ಟ.

"ಹೊಸ ಅಂಗಡಿಯವನು ಬಿಲ್ ಪುಸ್ತಕ ಒಂದರಿಂದ ಶುರು ಮಾಡ್ತಾನೇನಪ್ಪಾ? ಗಿರಾಕಿ ಹೆದರಿ ಓಡ್ತಾನೆ. ಆ ಕಾರ್ಖಾನೆಯ ಯಜಮಾನನೂ ಹಾಗೇ, ಹತ್ತು ಸಾವಿರದಿಂದ ಶುರು ಮಾಡಿದ. ಮುಂದೆ ಅದಕ್ಕೆ ಬೆಂಕಿ ಬಿತ್ತು. ಮಗ ಹೊಸದಾಗಿ ಕಟ್ಟಿದ. ಅವನು ಸಾಧು ಮನುಷ್ಯ, ಒಂದರಿಂದ ಎಣಿಸಿದ. ನಂಬರಿನಲ್ಲಿ ನಾಲ್ಕೇ ಅಂಕಿ ಅಂದರೆ ಬೆಂಕಿಯಾದ ಮೇಲಿನ ಕೂಸು."

ಹೇಳುತ್ತ ಹೇಳುತ್ತ ಅವಳ ಹೆಬ್ಬೆರಳು ನಂಬರಿನ ಪಕ್ಕ ಒಮ್ಮೆ ಜಾರಿತು. ಮತ್ತೊಮ್ಮೆ ಜಾರಿತು. ಅವಳು ತಲೆಯೆತ್ತಿ ಕೇಳಿದಳು, "ಇಲ್ಲಿ ಏನಾದರೂ ಇತ್ತಾ, ಲೂರ್ದಪ್ಪಾ?"

ಇರಲಿಲ್ಲ ಎಂದರೆ ಹಾರ್ನ್ ಕಿರಿಯದಾಗುತ್ತದೆ. ಇತ್ತು ಎಂದರೆ ತಾನು ಕಿರಿಯನಾಗುತ್ತಾನೆ. ಲೂರ್ದಪ್ಪ ಮಂಜನ್ನು ನೋಡಿದ. ಇಪ್ಪತ್ತೆರಡು ವರ್ಷ ತನ್ನ ಜೊತೆಗೇ ಎದ್ದ ಹಾರ್ನನ್ನು ನೋಡಿದ. ಅದಕ್ಕೆ ಸುಳ್ಳು ವಯಸ್ಸು ಕಟ್ಟಲು ಮನಸ್ಸು ಬರಲಿಲ್ಲ.

"ಇತ್ತಮ್ಮಾ. ಒಂದಂಕಿ ಇತ್ತು. ನಾನೇ ಉಜ್ಜಿಬಿಟ್ಟೆ."

ಊರೆಲ್ಲ ಗುಜುಗುಜು ಎಂದಿತು. ರೆಜಿನಮ್ಮ ಪಟ್ಟಿ ಮಡಚಿದಳು. "ಅಲ್ಲಿ ಯಾವ ಅಂಕಿ ಇದ್ದರೂ ನಂಬರು ಸಾಬರದಕ್ಕಿಂತ ಚಿಕ್ಕದೇ, ಇದೇ ಹಿರಿಯದು. ಸುಮ್ಮನಿದ್ದಿದ್ದರೆ ಗೆದ್ದಿದ್ದೆಯಲ್ಲೋ ಮಾರಾಯಾ! ಮೊದಲ ಊದು ಇವತ್ತಿಗೂ ಈ ಹಾರ್ನಿನದೇ. ಆದರೆ ಅರ ಹಿಡಿದ ಕೈಯಲ್ಲಿ ಬೇಡ. ಸಾಬರೇ, ಇದನ್ನು ನೀವು ಊದಿ. ಲೂರ್ದಪ್ಪಾ, ನೀನು ಅವರದನ್ನು ಹಿಡಿದು ಎರಡನೇ ಜಾಗದಲ್ಲಿ ನಿಲ್ಲು."

ಸಾಬರು ಲೂರ್ದಪ್ಪನ ಹಾರ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಜೋಪಾನವಾಗಿ ಊದ್ತೀನಿ ಅಣ್ಣಾ" ಎಂದರು. ಬುರುಜು ಹತ್ತಿ ಊದಿದರು.

ಇಪ್ಪತ್ತೆರಡು ವರ್ಷದಲ್ಲಿ ಲೂರ್ದಪ್ಪ ತನ್ನ ಹಾರ್ನನ್ನು ಎದುರಿಗೆ ನಿಂತು ಕೇಳಿದ್ದು ಅದೇ ಮೊದಲು. ದನಿ ಜೇನಿನ ಹಾಗೆ ನಿಧಾನವಾಗಿ ಇಳಿದು ಬಂತು. ಮಂಜು ಆಕಳಿಸಿತು, ಸೀರೆಗಳನ್ನು ಒಂದೊಂದಾಗಿ ನೆಲಕ್ಕಿಳಿಸಿತು, ಕಣಿವೆಯತ್ತ ಹೊರಟಿತು.

"ಇಷ್ಟು ಚೆನ್ನಾಗಿತ್ತೇನೇ ಇದು?" ಎಂದು ಅವನು ಅನ್ನಮ್ಮನನ್ನು ಕೇಳಿದ.

"ನಾನು ದಿನಾ ಕೇಳ್ತಿದ್ದೆ" ಎಂದಳು ಅವಳು.

ಲೂರ್ದಪ್ಪ ಕಣ್ಣೊರೆಸಿಕೊಂಡು ಎರಡನೇ ಊದಿಗೆ ಉಸಿರು ತುಂಬಿಕೊಂಡ.

ನೀತಿ: ದೊಡ್ಡವರಾಗಿ ಕಾಣಲು ನಮ್ಮ ಗುರುತನ್ನೇ ಉಜ್ಜಿದರೆ, ಇದ್ದ ದೊಡ್ಡತನವೂ ಪುಡಿಯಾಗಿ ಹಾರಿಹೋಗುತ್ತದೆ. ತಪ್ಪನ್ನು ಒಪ್ಪಿಕೊಂಡವನಿಗೆ ಎರಡನೇ ಜಾಗವಾದರೂ ಉಳಿಯುತ್ತದೆ.

ಮಂಜು, ಸೀರೆ, ಆಕಳಿಕೆ ಎಲ್ಲ ನಿಜ, ಮಕ್ಕಳೇ. ಒಂದೇ ಒಂದು ಸಣ್ಣ ವಿಷಯ ಮಾತ್ರ ನನ್ನ ಕೈಯಿಂದ ಸೇರಿಸಿದ್ದು. ಆ ಕೊನೆಯ ಅಂಕಿ ನಾಲ್ಕು ಅಂದೆನಲ್ಲ, ಅದು ನಾಲ್ಕೋ ಏಳೋ ನನಗೂ ಗೊತ್ತಿಲ್ಲ. ನಾನು ನೋಡುವ ಹೊತ್ತಿಗೆ ಉಜ್ಜಿಹೋಗಿತ್ತು.